ಕರುಳ ಕುಡಿ

ಮಗುವನ್ನು ನಾವು ಕನ್ನಡಿಗರು ‘ಕರುಳ ಕುಡಿ’ ಎನ್ನುತ್ತೇವೆ. ತಾಯಿಮಕ್ಕಳ ನಂಟು ನಮಗೆ ‘ಕರುಳಬಳ್ಳಿ’. ಪರರ ನೋವಿಗೆ ಮರುಗದವನನ್ನು ‘ಕರುಳಿಲ್ಲದವನು’ ಎಂದು ಹಳಿಯುತ್ತೇವೆ. ಮಗು ಬೆಳೆಯುವುದು ಗರ್ಭಾಶಯದಲ್ಲಿಯೇ ಹೊರತು ಕರುಳಿನಲ್ಲಲ್ಲ ಎಂಬುದು ಈ ಮಾತುಗಳನ್ನು ಕಟ್ಟಿದ ಹಿರಿಯರಿಗೂ ತಿಳಿದಿತ್ತು. ಒಡಲಿನ ಅತ್ಯಂತ ಒಳಗಿನ ವಸ್ತು ಎಂಬ ಅರ್ಥದಲ್ಲಿ ಅವರು ಆ ಪದವನ್ನು ಆರಿಸಿಕೊಂಡಿರಬೇಕು. ಇಷ್ಟು ಮೃದುವಾದ ಪದವೂ ಕತ್ತಿಯಾಗಬಲ್ಲದೆಂದು ನನಗೆ ಗೊತ್ತಾದದ್ದು ಕಳೆದ ದಶಲಕ್ಷಣ ಪರ್ವದ ದಿನಗಳಲ್ಲಿ.

ನನ್ನ ತಂಗಿಯ ಮಗಳಿಗೆ ಈಗ 31 ವರ್ಷ. ಮದುವೆಯಾದ ಮರುವರ್ಷವೇ ಆಕೆಗೆ ದೊಡ್ಡ ಕರುಳಿನ ಹುಣ್ಣಿನ ಕಾಯಿಲೆ ತಗುಲಿತು. ವೈದ್ಯರು ಅದನ್ನು ಅಲ್ಸರೇಟಿವ್ ಕೊಲೈಟಿಸ್ ಎಂದರು. ಎರಡು ವರ್ಷ ಮದ್ದು ತಿಂದರೂ ರಕ್ತಭೇದಿ ನಿಲ್ಲದೆ, ಕೊನೆಗೆ ದೊಡ್ಡ ಕರುಳನ್ನು ಪೂರ್ತಿಯಾಗಿ ತೆಗೆಯಬೇಕಾಯಿತು. ಪ್ರಾಣ ಉಳಿಯಿತು, ಮೈಯಲ್ಲಿ ಬಣ್ಣ ತುಂಬಿತು, ಮತ್ತೆ ಶಾಲೆಯಲ್ಲಿ ಪಾಠ ಹೇಳುವಂತಾದಳು. ಅಲ್ಲಿಂದೀಚೆಗೆ ಎರಡು ವರ್ಷಗಳಿಂದ ದಂಪತಿಗಳು ಮಗುವಿಗಾಗಿ ಕಾಯುತ್ತಿದ್ದಾರೆ. ಬಸದಿಯಲ್ಲಿ ಅಭಿಷೇಕ ಮುಗಿದು ಎಲ್ಲರೂ ಗಂಧೋದಕ ತೆಗೆದುಕೊಳ್ಳುತ್ತಿದ್ದಾಗ ಹಿರಿಯರೊಬ್ಬರು, ಅವಳಿಗೆ ಕೇಳಿಸುವಂತೆಯೇ, “ಕರುಳೇ ಇಲ್ಲದವಳಿಗೆ ಕರುಳ ಕುಡಿ ಎಲ್ಲಿಂದ ಬರಬೇಕು?” ಎಂದರು. ಪಕ್ಕದಲ್ಲಿದ್ದವರು ದನಿ ತಗ್ಗಿಸಿ, “ಯಾವ ಭವದಲ್ಲಿ ಯಾವ ಪ್ರಾಣಿಯ ಮರಿಯನ್ನು ತಾಯಿಯಿಂದ ಅಗಲಿಸಿದ್ದಳೋ, ಈಗ ಉಣ್ಣುತ್ತಿದ್ದಾಳೆ” ಎಂದು ಸೇರಿಸಿದರು.

ಸಂಜೆ ಮನೆಗೆ ಬಂದವಳು ಅಳಲಿಲ್ಲ. “ಮಾವ, ನೀವು ಶಾಸ್ತ್ರ ಓದಿದವರು. ಅವರು ಹೇಳಿದ್ದು ಶಾಸ್ತ್ರವೇ?” ಎಂದು ಮಾತ್ರ ಕೇಳಿದಳು. ಆಗ ನಾನು ಏನೋ ಸಮಾಧಾನದ ಮಾತಾಡಿ ಕಳಿಸಿದೆ. ಆ ಪ್ರಶ್ನೆ ಸಮಾಧಾನವನ್ನಲ್ಲ, ಉತ್ತರವನ್ನು ಬೇಡುವಂಥದು. ಹೆಸರು ಹೇಳದೆ ಬರೆಯಿರಿ ಎಂದು ಅವಳೇ ಒಪ್ಪಿರುವುದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಮೊದಲನೆಯದಾಗಿ, ಅವರು ಹೇಳಿದ್ದು ಶಾಸ್ತ್ರವಲ್ಲ. ಶಾಸ್ತ್ರದ ಅರ್ಧ ಪುಟ. ಜೀವವು ತಾನು ಕಟ್ಟಿಕೊಂಡ ಕರ್ಮದ ಫಲವನ್ನು ತಾನೇ ಉಣ್ಣುತ್ತದೆ ಎಂಬುದು ಜಿನಮತದ ಅಡಿಗಲ್ಲು, ಸಂದೇಹವಿಲ್ಲ. ದೇಹದ ನೋವು ಅಸಾತಾವೇದನೀಯದ ಉದಯ. ಬಯಸಿದ್ದು ಕೈಗೆ ಬಾರದಿರುವುದು ಅಂತರಾಯದ ಉದಯ. ಆದರೆ ಇಂತಿಂಥವಳ ಇಂತಹ ಕಷ್ಟಕ್ಕೆ ಇಂತಹ ಭವದ ಇಂತಹ ಕೃತ್ಯವೇ ಕಾರಣ ಎಂದು ಬೆರಳಿಟ್ಟು ತೋರಿಸಲು ಪ್ರತ್ಯಕ್ಷಜ್ಞಾನ ಬೇಕು. ಪುರಾಣಗಳಲ್ಲಿ ಭವಾವಳಿಯನ್ನು ಹೇಳುವವರು ಅವಧಿಜ್ಞಾನಿಗಳಾದ ಮುನಿಗಳು, ಕೇವಲಿಗಳು. ಬಸದಿಯ ಜಗಲಿಯಲ್ಲಿ ಕುಳಿತು ಆ ಅಧಿಕಾರವನ್ನು ನಾವು ಕೈಗೆತ್ತಿಕೊಳ್ಳುವುದು ಸರ್ವಜ್ಞತ್ವದ ಅಪಹಾಸ್ಯವಾಗುತ್ತದೆ.

ಇನ್ನು ಉಳಿದ ಅರ್ಧ ಪುಟ. ಚಾವುಂಡರಾಯನ ಗುರುಗಳೆಂದು ನಾವು ಸ್ಮರಿಸುವ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ‘ಗೊಮ್ಮಟಸಾರ’ದ ಕರ್ಮಕಾಂಡದಲ್ಲಿ ಕರ್ಮದ ಹತ್ತು ಅವಸ್ಥೆಗಳನ್ನು ವಿವರಿಸುತ್ತಾರೆ. ಕಟ್ಟಿದ ಕರ್ಮ ಕಟ್ಟಿದಂತೆಯೇ ಕಲ್ಲಾಗಿ ಕುಳಿತಿರುವುದಿಲ್ಲ. ಅದರ ಕಾಲವೂ ರಸವೂ ಹೆಚ್ಚಬಹುದು, ಅದು ಉತ್ಕರ್ಷಣ. ಕಡಿಮೆಯಾಗಬಹುದು, ಅದು ಅಪಕರ್ಷಣ. ಒಂದು ಪ್ರಕೃತಿ ತನ್ನದೇ ಜಾತಿಯ ಮತ್ತೊಂದಾಗಿ ಮಾರ್ಪಡಬಹುದು, ಅಸಾತವು ಸಾತವಾಗಬಹುದು; ಅದು ಸಂಕ್ರಮಣ. ಕೆಲಕಾಲ ಅಡಗಿ ಕೂರಬಹುದು, ಅದು ಉಪಶಮ. ಫಲ ಕೊಟ್ಟೇ ತೀರುವ ನಿಕಾಚಿತವೆಂಬುದೂ ಉಂಟು, ನಿಜ. ಆದರೆ ಅದು ಹತ್ತರಲ್ಲಿ ಒಂದು. ಆ ಒಂದನ್ನೇ ಹಿಡಿದು ನೊಂದವರ ಮುಂದೆ ಆಡಿಸುವುದು ಕರ್ಮಸಿದ್ಧಾಂತವಲ್ಲ, ನಿಯತಿವಾದ. ಹೊರಗಿನ ದ್ರವ್ಯ, ಕ್ಷೇತ್ರ, ಕಾಲ, ಭಾವಗಳ ನಿಮಿತ್ತವಿಲ್ಲದೆ ಕರ್ಮ ಫಲ ಕೊಡುವುದಿಲ್ಲವೆಂದು ನಮ್ಮ ಆಚಾರ್ಯರು ಹೇಳಿದ್ದು ಪುರುಷಾರ್ಥಕ್ಕೆ ಜಾಗ ಬಿಡುವುದಕ್ಕಾಗಿಯೇ.

ಹಾಗೆಯೇ ‘ತತ್ತ್ವಾರ್ಥಸೂತ್ರ’ದ ಆರನೆಯ ಅಧ್ಯಾಯವನ್ನು ಒಮ್ಮೆ ತೆರೆದು ನೋಡಬೇಕು. ಅಸಾತಾವೇದನೀಯದ ಆಸ್ರವಕ್ಕೆ ಉಮಾಸ್ವಾಮಿಗಳು ಕೊಡುವ ಕಾರಣಗಳಲ್ಲಿ ದುಃಖ, ಶೋಕ, ತಾಪ, ಆಕ್ರಂದನಗಳನ್ನು ತನ್ನಲ್ಲಿಯಾಗಲಿ ಪರರಲ್ಲಿಯಾಗಲಿ ಉಂಟುಮಾಡುವುದು ಸೇರಿದೆ. ಅಂದ ಮೇಲೆ ಆ ದಿನ ಗಂಧೋದಕದ ಬಟ್ಟಲ ಬಳಿ ಕರ್ಮ ಕಟ್ಟಿಕೊಂಡವರು ಯಾರು? ನನ್ನ ಸೋದರಸೊಸೆ ಅಲ್ಲವೆಂಬುದಂತೂ ಖಂಡಿತ.

ಈಗ ನಿಮಿತ್ತದ ಮಾತು. ಈ ವಿಷಯದಲ್ಲಿ ನಿಮಿತ್ತವೇನೆಂದು ತಿಳಿಯಲು ಪೂರ್ವಭವಕ್ಕೆ ಹೋಗಬೇಕಾಗಿಲ್ಲ. ಶಸ್ತ್ರವೈದ್ಯರು ಬಿಡಿಸಿ ಹೇಳುತ್ತಾರೆ. ಈ ರೋಗದಲ್ಲಿ ದೊಡ್ಡ ಕರುಳನ್ನೂ ಗುದನಾಳವನ್ನೂ ತೆಗೆದು, ಸಣ್ಣ ಕರುಳಿನ ತುದಿಯನ್ನು ಇಂಗ್ಲಿಷಿನ ‘ಜೆ’ ಅಕ್ಷರದಂತೆ ಮಡಚಿ ಹೊಲಿದು, ಚಿಕ್ಕ ಸಂಚಿಯಾಗಿಸಿ ಗುದದ್ವಾರಕ್ಕೆ ಜೋಡಿಸುತ್ತಾರೆ. ಅದಕ್ಕೆ ಜೆ-ಪೌಚ್ ಎಂದು ಹೆಸರು. ಎರಡು ಅಥವಾ ಮೂರು ಹಂತಗಳಲ್ಲಿ ನಡೆಯುವ ಈ ಚಿಕಿತ್ಸೆಯಲ್ಲಿ ಹೊಲಿಗೆ ಮಾಯುವವರೆಗೆ ಹೊಟ್ಟೆಯ ಮೇಲೊಂದು ರಂಧ್ರ ಮಾಡಿ, ಮಲ ಹೊರಗಿನ ಚೀಲಕ್ಕೆ ಬರುವಂತೆ ಏರ್ಪಡಿಸುತ್ತಾರೆ. ಗರ್ಭಾಶಯವನ್ನಾಗಲಿ ಅಂಡಾಶಯವನ್ನಾಗಲಿ ಯಾರೂ ಮುಟ್ಟುವುದಿಲ್ಲ. ಆದರೆ ಕೆಲಸವೆಲ್ಲ ನಡೆಯುವುದು ಅವುಗಳ ಪಕ್ಕದಲ್ಲೇ, ಕಿಬ್ಬೊಟ್ಟೆಯ ಆಳದಲ್ಲಿ. ಗಾಯ ಮಾಯುವಾಗ ಒಳಗಿನ ಪದರಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಬಿಸಿ ನೀರುದೋಸೆಯನ್ನು ಆರಲು ಬಿಡದೆ ಒಂದರ ಮೇಲೊಂದು ಹಾಕಿದರೆ ಏನಾಗುತ್ತದೆಂದು ನಮ್ಮ ಕರಾವಳಿಯ ಗೃಹಿಣಿಯರಿಗೆ ಹೇಳಬೇಕಾಗಿಲ್ಲ. ಆ ಅಂಟಿನೊಳಗೆ ಅಂಡನಾಳ ಸಿಕ್ಕಿಕೊಂಡರೆ, ಅದರ ತುದಿ ಮುಚ್ಚಿದರೆ, ಅಂಡವು ನಾಳದೊಳಕ್ಕೆ ಬರುವ ದಾರಿಯೇ ತಪ್ಪುತ್ತದೆ.

ಇದು ಅಪರೂಪದ ತೊಡಕಲ್ಲ. 2006ರಲ್ಲಿ ಪ್ರಕಟವಾದ, ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಮಾಡಿದ ವಿಶ್ಲೇಷಣೆಯ ಪ್ರಕಾರ, ಈ ಕಾಯಿಲೆಗೆ ಮದ್ದಿನ ಚಿಕಿತ್ಸೆ ಮಾತ್ರ ಪಡೆದ ಮಹಿಳೆಯರಲ್ಲಿ ಗರ್ಭ ನಿಲ್ಲದ ತೊಂದರೆ ಶೇ 15ರಷ್ಟಿದ್ದರೆ, ಈ ಶಸ್ತ್ರಚಿಕಿತ್ಸೆಯಾದವರಲ್ಲಿ ಅದು ಶೇ 48ರಷ್ಟಿತ್ತು. ಹೆಚ್ಚು ಕಡಿಮೆ ಇಬ್ಬರಲ್ಲಿ ಒಬ್ಬರು. ಹೊಟ್ಟೆಯನ್ನು ಉದ್ದಕ್ಕೆ ಸೀಳದೆ ಸಣ್ಣ ರಂಧ್ರಗಳ ಮೂಲಕ ಮಾಡುವ ಲ್ಯಾಪರೋಸ್ಕೋಪಿ ವಿಧಾನದಲ್ಲಿ ಅಂಟಿಕೊಳ್ಳುವಿಕೆ ಕಡಿಮೆಯಾಗಿ, ಗರ್ಭಧಾರಣೆಯ ಸಾಧ್ಯತೆ ಉತ್ತಮಗೊಂಡಿದೆ ಎಂದು ನಂತರದ ಅಧ್ಯಯನಗಳು ಹೇಳುತ್ತವೆ. ಇವರೆಲ್ಲರೂ ಹಿಂದಿನ ಭವದಲ್ಲಿ ಮರಿಗಳನ್ನು ತಾಯಿಯಿಂದ ಅಗಲಿಸಿದವರೇ? ಶಸ್ತ್ರದ ವಿಧಾನ ಬದಲಾದೊಡನೆ ಕಡಿಮೆಯಾಗುವುದು ಯಾವ ಪಾಪ?

ಈ ಸಂಗತಿಯನ್ನು ಹೇಳಬೇಕಾದ ಸಮಯದಲ್ಲಿ ಹೇಳುವವರು ಕಡಿಮೆ. ಪ್ರಾಣ ಉಳಿಸುವ ಅವಸರದಲ್ಲಿ ವೈದ್ಯರು ಮರೆಯುತ್ತಾರೆ. ನಾಚಿಕೆಯಿಂದ ಮನೆಯವರು ಕೇಳುವುದಿಲ್ಲ. ನಮ್ಮ ಹುಡುಗಿಗೂ ಯಾರೂ ಹೇಳಿರಲಿಲ್ಲ. ಎರಡು ವರ್ಷ ವ್ರತ, ಹರಕೆ, ಜಾತಕಗಳಲ್ಲಿ ಕಳೆದ ಮೇಲೆ, ಮಂಗಳೂರಿನ ಸ್ತ್ರೀರೋಗತಜ್ಞೆಯೊಬ್ಬರು ಅಂಡನಾಳದ ಎಕ್ಸ್‌-ರೇ ಪರೀಕ್ಷೆ ಮಾಡಿಸಿದಾಗ ಎರಡೂ ನಾಳಗಳು ಮುಚ್ಚಿರುವುದು ಗೊತ್ತಾಯಿತು. ಸಾಮಾನ್ಯ ದಂಪತಿಗಳಿಗೆ ಒಂದು ವರ್ಷ ಕಾಯಿರಿ ಎನ್ನುವುದುಂಟು. ಕಿಬ್ಬೊಟ್ಟೆಯ ಶಸ್ತ್ರಚಿಕಿತ್ಸೆಯಾದವರು ಅಷ್ಟು ಕಾಯದೆ ಬೇಗನೆ ಬರಬೇಕು ಎಂದು ಆ ವೈದ್ಯೆ ಹೇಳಿದರಂತೆ. ಎರಡು ವರ್ಷ ವ್ಯರ್ಥವಾದದ್ದರಲ್ಲಿ ನಮ್ಮ ಧರ್ಮಶ್ರದ್ಧೆಯ ಪಾಲು ಎಷ್ಟು, ನಮ್ಮ ಅಜ್ಞಾನದ ಪಾಲು ಎಷ್ಟು ಎಂದು ನಾನು ಲೆಕ್ಕ ಹಾಕುತ್ತಿದ್ದೇನೆ.

ಆ ಲೆಕ್ಕದಲ್ಲಿ ನನ್ನದೂ ಒಂದು ಬಾಕಿ ಇದೆ. ಅವಳ ಹೊಟ್ಟೆಯ ಮೇಲೆ ಚೀಲವಿದ್ದ ವರ್ಷದ ಅನಂತ ಚತುರ್ದಶಿಯಂದು ನಿರ್ಜಲ ಉಪವಾಸ ಮಾಡೆಂದು ಪ್ರೋತ್ಸಾಹಿಸಿದವನು ನಾನೇ. ಉಪವಾಸದಿಂದ ನಿರ್ಜರೆಯಾಗುತ್ತದೆ, ಮೈ ಹಗುರಾಗುತ್ತದೆ ಎಂದೆ. ದೊಡ್ಡ ಕರುಳು ನೀರನ್ನೂ ಉಪ್ಪನ್ನೂ ಹೀರಿ ದೇಹಕ್ಕೆ ಮರಳಿಸುವ ಅಂಗವೆಂದೂ, ಅದಿಲ್ಲದವರಿಗೆ ಚೀಲದ ಮೂಲಕ ಎರಡೂ ಸೋರಿಹೋಗುತ್ತಲೇ ಇರುತ್ತವೆಂದೂ ನನಗೆ ತಿಳಿದಿರಲಿಲ್ಲ. ಸಂಜೆಯ ಹೊತ್ತಿಗೆ ಅವಳು ನೆಲಕ್ಕೆ ಕುಸಿದಳು. ಎರಡು ದಿನ ಡ್ರಿಪ್ ಹಾಕಬೇಕಾಯಿತು. ತೀರ್ಥಂಕರ ಪ್ರಕೃತಿಗೆ ಕಾರಣವಾಗುವ ಹದಿನಾರು ಭಾವನೆಗಳಲ್ಲಿ ತಪಸ್ಸನ್ನು ಹೇಳುವಾಗ ‘ಶಕ್ತಿಗೆ ತಕ್ಕಂತೆ’ ಎಂಬ ಕಟ್ಟಳೆಯನ್ನು ಸೇರಿಸಿಯೇ ಹೇಳಿದ್ದಾರೆ. ಶಕ್ತಿತಸ್ತಪ ಎಂಬುದೇ ಆ ಭಾವನೆಯ ಹೆಸರು. ವರ್ಷವರ್ಷವೂ ಷೋಡಶಕಾರಣ ಪೂಜೆಯಲ್ಲಿ ಅದಕ್ಕೆ ಅರ್ಘ್ಯ ಎತ್ತಿದ ನಾನೇ ಮರೆತಿದ್ದೆ.

ಸ್ವಾಮಿ ಸಮಂತಭದ್ರರ ಕಥೆ ನಮಗೆ ಪಾಠವಾಗಬೇಕಿತ್ತು. ದೇವಚಂದ್ರನ ‘ರಾಜಾವಳೀ ಕಥೆ’ಯಲ್ಲಿ ಬರುವ ಆ ವೃತ್ತಾಂತ ಬಲ್ಲವರಿಗೆ ಬಲ್ಲದ್ದೇ. ಮುನಿಯಾಗಿದ್ದಾಗ ಅವರಿಗೆ ಭಸ್ಮಕವೆಂಬ ಜಠರವ್ಯಾಧಿ ಬಂದಿತು. ತಿಂದದ್ದೆಲ್ಲ ಬೂದಿಯಾಗುವ, ಹಸಿವು ಎಂದಿಗೂ ತಣಿಯದ ರೋಗ. ಮುನಿಚರ್ಯೆಯಲ್ಲಿದ್ದು ಅದನ್ನು ತಣಿಸುವುದು ಅಸಾಧ್ಯವೆಂದು ತಿಳಿದು ಅವರು ಗುರುಗಳಲ್ಲಿ ಸಲ್ಲೇಖನಕ್ಕೆ ಅಪ್ಪಣೆ ಬೇಡಿದರು. ಗುರುಗಳು ಒಪ್ಪಲಿಲ್ಲ. ನಿನ್ನಿಂದ ಧರ್ಮಕ್ಕೆ ಆಗಬೇಕಾದ ಕಾರ್ಯ ಇನ್ನೂ ಇದೆ. ದೀಕ್ಷೆಯನ್ನು ಬದಿಗಿಟ್ಟು ಮೊದಲು ರೋಗವನ್ನು ಕಳೆದುಕೋ, ಆಮೇಲೆ ಬಾ ಎಂದರು. ಅವರು ಹಾಗೆಯೇ ಮಾಡಿ, ಗುಣವಾದ ಮೇಲೆ ಮರಳಿ ದೀಕ್ಷೆ ಪಡೆದರು. ಹೊಟ್ಟೆಯ ಕಾಯಿಲೆ ಬಂದ ಶಿಷ್ಯನಿಗೆ ‘ಇದು ನಿನ್ನ ಕರ್ಮ, ಅನುಭವಿಸು’ ಎಂದು ಗುರುಗಳು ಹೇಳಲಿಲ್ಲ ಎಂಬುದನ್ನು ಗಮನಿಸಬೇಕು. ರಾಷ್ಟ್ರಕೂಟರ ಕಾಲದ ಉಗ್ರಾದಿತ್ಯಾಚಾರ್ಯರು ‘ಕಲ್ಯಾಣಕಾರಕ’ವೆಂಬ ವೈದ್ಯಗ್ರಂಥವನ್ನೇ ಬರೆದು, ಮದ್ಯಮಾಂಸಗಳ ಸೋಂಕಿಲ್ಲದೆ ರೋಗಗಳನ್ನು ಗುಣಪಡಿಸುವ ಬಗೆಯನ್ನು ತಿಳಿಸಿದರು. ದೇಹವನ್ನು ಕಾಪಾಡಿಕೊಳ್ಳುವುದು ಅಧರ್ಮವಾಗಿದ್ದರೆ ಮುನಿಗಳು ಆ ಶ್ರಮ ಪಡುತ್ತಿದ್ದರೇ?

ವ್ರತ ಪಾಲಿಸುವ ಮನೆಯಲ್ಲಿ ಇಂತಹ ರೋಗಿ ಇದ್ದಾಗ ಆಚಾರಕ್ಕೂ ಆರೋಗ್ಯಕ್ಕೂ ಜಗಳವೇ ಗತಿ ಎಂದು ಭಾವಿಸಬೇಕಾಗಿಲ್ಲ. ಮಲ ಗಟ್ಟಿಯಾಗಲು ಆಲೂಗಡ್ಡೆ ತಿನ್ನಿ ಎಂದು ಆಹಾರತಜ್ಞರು ಹೇಳಿದಾಗ ನಮ್ಮವಳು ಕಂದಮೂಲ ಬಿಟ್ಟವಳೆಂದು ವಿನಯದಿಂದ ತಿಳಿಸಿದಳು. ಉಪ್ಪು ಹಾಕಿದ ಗಂಜಿಯೂ ಬಾಳೆಹಣ್ಣೂ ಅದೇ ಕೆಲಸ ಮಾಡುತ್ತವೆ ಎಂದು ಅವರು ನಕ್ಕರು. ಸಂಜೆಯೇ ಊಟ ಮುಗಿಸಿದರೆ ರಾತ್ರಿ ಎದ್ದು ಓಡುವುದು ತಪ್ಪುತ್ತದೆಂದು ಅವರೇ ಹೇಳಿದ್ದು ಕೇಳಿ ರಾತ್ರಿಭೋಜನ ತ್ಯಾಗಿಯಾದ ನನ್ನ ತಂಗಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಜೆಲಾಟಿನ್ ಕ್ಯಾಪ್ಸೂಲಿನ ಬದಲು ಮಾತ್ರೆ ಕೊಡಿ ಎಂದು ಕೇಳಿದರೆ ಅನೇಕ ಸಲ ಸಿಗುತ್ತದೆ. ಬಿ12 ಜೀವಸತ್ವ ಹೀರಲ್ಪಡುವುದು ಸಣ್ಣ ಕರುಳಿನ ತುದಿಯಲ್ಲಿ. ಆ ಭಾಗವನ್ನು ಮಡಚಿ ಹೊಲಿದವರೂ ಕತ್ತರಿಸಿ ತೆಗೆದವರೂ, ಅದರಲ್ಲಿಯೂ ಸಸ್ಯಾಹಾರಿಗಳು, ಗರ್ಭ ಧರಿಸುವ ಮೊದಲೇ ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು. ಫೋಲಿಕ್ ಆಸಿಡ್ ಮಾತ್ರೆಯೂ ಮೊದಲೇ ಆರಂಭವಾಗಬೇಕು. ಕರುಳಿನ ಕಾಯಿಲೆಗೆ ಕೆಲವರಿಗೆ ಕೊಡುವ ಮೆಥೋಟ್ರೆಕ್ಸೇಟ್ ಎಂಬ ಮದ್ದು ಗರ್ಭಕ್ಕೆ ವಿಷ. ಅದನ್ನು ವೈದ್ಯರ ಸಲಹೆಯಂತೆ ತಿಂಗಳುಗಳ ಮೊದಲೇ ನಿಲ್ಲಿಸಬೇಕಾಗುತ್ತದೆ. ತಾನಾಗಿಯೇ ಯಾವ ಮದ್ದನ್ನೂ ನಿಲ್ಲಿಸಬಾರದು, ಏಕೆಂದರೆ ರೋಗ ಕೆರಳಿರುವಾಗ ಗರ್ಭ ನಿಲ್ಲುವುದು ತಾಯಿ ಮಗು ಇಬ್ಬರಿಗೂ ಅಪಾಯ.

ಮತ್ತೊಂದು ಮಾತು, ಗಂಡಸರಿಗೆ. ಕರುಳಿನ ಕಾಯಿಲೆ ಗಂಡನಿಗೂ ಬರಬಹುದು. ಅದಕ್ಕೆ ಬಳಸುವ ಸಲ್ಫಾಸಲಜೀನ್ ಎಂಬ ಮಾತ್ರೆ ವೀರ್ಯಾಣುಗಳ ಸಂಖ್ಯೆಯನ್ನು ತಗ್ಗಿಸುತ್ತದೆ. ಬದಲಿ ಮದ್ದಿಗೆ ಹೋದರೆ ಕೆಲವು ತಿಂಗಳಲ್ಲಿ ಸರಿಹೋಗುತ್ತದೆ. ಗುದನಾಳದ ಶಸ್ತ್ರಚಿಕಿತ್ಸೆಯಲ್ಲಿ ನರಗಳಿಗೆ ಪೆಟ್ಟಾದರೂ ತೊಂದರೆಯಾಗಬಹುದು. ಅಂತಹ ಮನೆಗಳಲ್ಲಿಯೂ ‘ಯಾವ ಭವದ ಪಾಪವೋ’ ಎಂಬ ಮಾತು ಸುತ್ತಿ ಸುತ್ತಿ ಸೊಸೆಯ ತಲೆಯ ಮೇಲೆಯೇ ಬಂದು ಕೂರುವುದನ್ನು ಕಂಡಿದ್ದೇನೆ.

ಚೀಲವಿದ್ದ ತಿಂಗಳುಗಳಲ್ಲಿ ನಮ್ಮವಳು ಬಸದಿಯ ಹೊಸ್ತಿಲು ದಾಟಲಿಲ್ಲ. ಯಾರೂ ತಡೆದಿರಲಿಲ್ಲ, ತಾನೇ ಅಂಗಳದಲ್ಲಿ ನಿಂತು ಕೈಮುಗಿದು ಬರುತ್ತಿದ್ದಳು. ಮೈಮೇಲೆ ಮಲ ಹೊತ್ತು ಜಿನಬಿಂಬದ ಮುಂದೆ ನಿಲ್ಲುವುದು ಹೇಗೆ ಎಂಬ ಅಳುಕು. ಹನ್ನೆರಡು ಅನುಪ್ರೇಕ್ಷೆಗಳಲ್ಲಿ ಅಶುಚಿ ಅನುಪ್ರೇಕ್ಷೆ ಒಂದು. ಈ ದೇಹ, ಎಲ್ಲರ ದೇಹ, ಅರಸನದಾಗಲಿ ಆಳಿನದಾಗಲಿ, ಮಲಮೂತ್ರಗಳ ಮಡಕೆ ಎಂದು ಅದು ನೆನಪಿಸುತ್ತದೆ. ಹಾಗಿದ್ದ ಮೇಲೆ ಪಟ್ಟೆ ಉಟ್ಟು ಕಲಶ ಹಿಡಿದು ಮುಂದೆ ನಿಂತಿದ್ದ ನಾವೆಲ್ಲರೂ ಹೊತ್ತಿದ್ದದ್ದು ಅದನ್ನೇ ಅಲ್ಲವೇ? ನಮ್ಮ ಚೀಲ ಚರ್ಮದ ಒಳಗಿತ್ತು, ಅವಳದು ಹೊರಗಿತ್ತು. ಬಟ್ಟೆಯ ಶುಚಿ, ಕೈಯ ಶುಚಿ ಬೇಕು. ಚೀಲವನ್ನು ಖಾಲಿ ಮಾಡಿ ಬಿಗಿಯಾಗಿ ಮುಚ್ಚಿ ಬಂದರೆ ಅದು ಮುಗಿಯಿತು. ಅಭಿಷೇಕದ ವಿಷಯದಲ್ಲಿ ಪುರೋಹಿತರ ಕ್ರಮ ಬೇರೆ ಇದ್ದೀತು. ದರ್ಶನಕ್ಕೆ ಅಡ್ಡಿ ಏನೆಂದು ನನಗಂತೂ ಕಾಣದು.

ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಮೂರನೆಯದು ನಿರ್ವಿಚಿಕಿತ್ಸೆ, ಅಂದರೆ ಹೇಸಿಗೆ ಪಡದಿರುವುದು. ದೇಹ ಸ್ವಭಾವದಿಂದ ಅಶುಚಿಯಾದರೂ ಅದರೊಳಗಿನ ಗುಣವನ್ನು ಕಂಡು ಪ್ರೀತಿಸಬೇಕು ಎಂಬುದು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಸಮಂತಭದ್ರರು ಕೊಟ್ಟ ವಿವರಣೆಯ ತಾತ್ಪರ್ಯ. ಹೊಟ್ಟೆಯ ರೋಗವನ್ನು ತಾವೇ ಉಂಡವರೆಂದು ಪ್ರಸಿದ್ಧರಾದವರು ಹೇಳಿದ ಮಾತೆಂದು ಅದಕ್ಕೆ ನನ್ನ ಮನಸ್ಸಿನಲ್ಲಿ ಹೆಚ್ಚಿನ ತೂಕ. ಆ ಅಂಗಕ್ಕೆ ನಿದರ್ಶನವಾಗಿ ಬರುವವನು ಉದ್ದಾಯನ ರಾಜ. ರೋಗಿಯಾದ ಮುನಿಯ ವೇಷದಲ್ಲಿ ಬಂದ ದೇವನು ಆಹಾರ ಸ್ವೀಕರಿಸಿ ದಂಪತಿಗಳ ಮೇಲೆಯೇ ವಾಂತಿ ಮಾಡಿದಾಗ, ಅರಸನೂ ಅರಸಿಯೂ ಮುಖ ಕಿವಿಚದೆ, ತಾವು ಕೊಟ್ಟ ಆಹಾರದಲ್ಲೇನು ದೋಷವಿತ್ತೋ ಎಂದು ಮರುಗುತ್ತ ಅವನ ಮೈ ತೊಳೆದರು. ನಮ್ಮ ಕಾಲದ ಉದ್ದಾಯನನನ್ನು ನಾನು ಕಂಡಿದ್ದೇನೆ. ಆಸ್ಪತ್ರೆಯಿಂದ ಮನೆಗೆ ಬಂದ ಮೊದಲ ವಾರಗಳಲ್ಲಿ ಹೆಂಡತಿಯ ಚೀಲವನ್ನು ಬಿಚ್ಚಿ, ತೊಳೆದು, ಸುತ್ತಲಿನ ಚರ್ಮ ಹಣ್ಣಾಗದಂತೆ ಒರೆಸಿ, ಹೊಸದನ್ನು ಅಂಟಿಸುತ್ತಿದ್ದವನು ಅವಳ ಗಂಡ. ಬ್ಯಾಂಕಿನ ಕೆಲಸದ ಹುಡುಗ. ತತ್ತ್ವಾರ್ಥಸೂತ್ರದ ಒಂದು ಸೂತ್ರವೂ ಬಾಯಿಗೆ ಬಾರದು. ವೈಯಾವೃತ್ಯವೆಂಬ ಅಂತರಂಗ ತಪಸ್ಸನ್ನು ಹತ್ತಾರು ಪ್ರವಚನಗಳಲ್ಲಿ ವಿವರಿಸಿದ ನಾನು ಆ ಹೊತ್ತಿನಲ್ಲಿ ಕೋಣೆಯ ಹೊರಗೆ ನಿಂತಿದ್ದೆ.

ಈಗ ಅವರ ಮುಂದಿರುವ ದಾರಿ ಐವಿಎಫ್. ಅಂಡವನ್ನು ಹೊರತೆಗೆದು, ಪ್ರಯೋಗಶಾಲೆಯಲ್ಲಿ ಫಲಿಸುವಂತೆ ಮಾಡಿ, ನೇರವಾಗಿ ಗರ್ಭಾಶಯದಲ್ಲಿ ಇರಿಸುವುದರಿಂದ ಮುಚ್ಚಿದ ನಾಳದ ಅಡ್ಡಿ ತಪ್ಪುತ್ತದೆ. ಜೆ-ಪೌಚ್ ಇರುವವರಲ್ಲಿ ಇದರ ಫಲ ಇತರರಿಗಿಂತ ಅಷ್ಟೇನೂ ಕಡಿಮೆಯಲ್ಲವೆಂಬುದು ಸಮಾಧಾನದ ಸಂಗತಿ. ಗರ್ಭ ನಿಂತ ಮೇಲೆ ಸಾಮಾನ್ಯವಾಗಿ ಸುಸೂತ್ರವಾಗಿಯೇ ಬೆಳೆಯುತ್ತದೆ. ಗುದದ ಸ್ನಾಯುಗಳನ್ನು ಕಾಪಾಡಲು ಅನೇಕ ವೈದ್ಯರು ಸಿಸೇರಿಯನ್ ಹೆರಿಗೆಯನ್ನು ಸೂಚಿಸುತ್ತಾರೆ. ಆದರೆ ಫಲಿತ ಅಂಡದಲ್ಲಿಯೇ ಜೀವವಿದೆ ಎಂದು ನಂಬುವ ನಮಗೆ ಇಲ್ಲೊಂದು ಗಂಭೀರ ಪ್ರಶ್ನೆ ಉಂಟು. ಸಾಮಾನ್ಯವಾಗಿ ಹಲವು ಭ್ರೂಣಗಳನ್ನು ರೂಪಿಸಿ, ಒಂದೆರಡನ್ನು ಬಳಸಿ, ಉಳಿದವನ್ನು ಶೈತ್ಯದಲ್ಲಿಡುತ್ತಾರೆ. ಬೇಡವಾದಾಗ ಅವುಗಳ ಗತಿ ಏನು? 2021ರ ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ ಕಾಯ್ದೆ ಶೇಖರಣೆಯ ಅವಧಿಯನ್ನು 10 ವರ್ಷಕ್ಕೆ ಮಿತಿಗೊಳಿಸಿದೆ. ಆಮೇಲಿನ ಹೊಣೆ ನಮ್ಮ ಮನಸ್ಸಾಕ್ಷಿಯದು.

ಕೆಲವರು ಇದನ್ನೆಲ್ಲ ಹಿಂಸೆಯೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುತ್ತಾರೆ. ಕೆಲವರು ಗೃಹಸ್ಥರಿಗೆ ಎಲ್ಲವೂ ಸಲ್ಲುತ್ತದೆ ಎಂದು ಕಣ್ಣುಮುಚ್ಚುತ್ತಾರೆ. ನನ್ನ ಅಭಿಪ್ರಾಯ ಎರಡೂ ಅಲ್ಲ. ಪ್ರಮಾದದಿಂದ ಪ್ರಾಣಗಳನ್ನು ಕಳೆಯುವುದು ಹಿಂಸೆ ಎಂದು ಸೂತ್ರಕಾರರು ಹೇಳಿದ್ದಾರೆ. ಅಂದರೆ ಮೊದಲೇ ಎಚ್ಚರ ವಹಿಸುವುದರಲ್ಲಿಯೇ ಶ್ರಾವಕನ ಅಹಿಂಸೆ ಇದೆ. ಚಿಕಿತ್ಸೆಗೆ ಮುನ್ನವೇ ವೈದ್ಯರೊಡನೆ ಕುಳಿತು, ಬಳಸುವಷ್ಟೇ ಅಂಡಗಳನ್ನು ಫಲಿಸಿ, ಉಳಿದ ಅಂಡಗಳನ್ನು ಫಲಿಸದೆಯೇ ಶೈತ್ಯದಲ್ಲಿಡಿ ಎಂದು ಕೇಳಬಹುದು. ಇದರಿಂದ ಒಂದು ಸುತ್ತಿನಲ್ಲಿ ಫಲ ಸಿಗುವ ಸಾಧ್ಯತೆ ತಗ್ಗೀತು, ಖರ್ಚು ಏರೀತು. ಆ ಬೆಲೆ ತೆರಲು ಸಿದ್ಧವೆಂದು ನಮ್ಮ ದಂಪತಿಗಳು ನಿರ್ಧರಿಸಿದ್ದಾರೆ. ಬೇರೆ ದಂಪತಿಗಳು ಬೇರೆ ನಿರ್ಧಾರಕ್ಕೆ ಬಂದರೆ ಅವರ ಮನೆಯ ಮುಂದೆ ನಿಂತು ತೀರ್ಪು ಹೇಳಲು ನಾನು ಹೋಗುವುದಿಲ್ಲ.

ಹೊಂಬುಜಕ್ಕೆ ಹೋಗಿ ಬಾ ಎಂದು ಅವಳಿಗೆ ಹೇಳಿದವರು ಅನೇಕರು. ಅಮ್ಮನವರ ಬಲಗಡೆಯಿಂದ ಹೂ ಬಿದ್ದರೆ ಇಷ್ಟಾರ್ಥ ಕೈಗೂಡುವುದೆಂಬ ನಂಬಿಕೆ ನಮ್ಮ ಮನೆಗಳಲ್ಲಿ ಹಳೆಯದು. ಪದ್ಮಾವತಿ ದೇವಿಯಲ್ಲಿ ನನಗೂ ಭಕ್ತಿಯುಂಟು. ಶಾಸನದೇವತೆಯ ಮುಂದೆ ಮನಸ್ಸಿನ ಭಾರ ಇಳಿಸಿ ಬರುವುದು ಬೇರೆ. ವರಕ್ಕಾಗಿ ಚೌಕಾಸಿಗೆ ಇಳಿಯುವುದು ಬೇರೆ. ಎರಡನೆಯದನ್ನು ಸಮಂತಭದ್ರರು ದೇವಮೂಢತೆ ಎಂದು ಕರೆದಿದ್ದಾರೆ. ನನ್ನ ಭಯ ಅದಕ್ಕಿಂತ ಹೆಚ್ಚು ಪ್ರಾಯೋಗಿಕವಾದುದು. ಹೂ ಬೀಳದೆ ಹೋದರೆ, ಆ ಮಗು ಅದನ್ನು ಮತ್ತೊಂದು ತೀರ್ಪೆಂದು ತಿಳಿದು ಬಸ್ಸು ಹತ್ತುತ್ತಾಳೆ. ಈಗಲೇ ಅವಳಿಗೆ ಪ್ರತಿ ತಿಂಗಳೂ ಒಂದು ತೀರ್ಪು ಬರುತ್ತಿದೆ. ಮುಟ್ಟಾದ ದಿನ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾಳೆಂದು ತಂಗಿ ಹೇಳುತ್ತಾಳೆ. ಇಷ್ಟವಾದುದರ ಅಗಲಿಕೆ, ವೇದನೆ, ಬಯಕೆಯ ಹಂಬಲ ಇವನ್ನೇ ತಿರುತಿರುಗಿ ಚಿಂತಿಸುವುದನ್ನು ಆರ್ತಧ್ಯಾನ ಎನ್ನುತ್ತಾರೆ. ಅದು ದುರ್ಗತಿಗೆ ಕಾರಣವೆಂದು ಪ್ರವಚನದಲ್ಲಿ ಹೇಳುವುದು ಸುಲಭ. ಅವಳನ್ನು ಆ ಧ್ಯಾನಕ್ಕೆ ನೂಕುವವರು ಸುತ್ತಲಿನವರಾಗಿದ್ದರೆ, ಅದನ್ನು ಬಿಡು ಎಂದು ಅವಳಿಗೆ ಉಪದೇಶಿಸುವ ಮುಖ ನಮಗಿದೆಯೇ?

ಮಗು ಆಗದೆಯೂ ಹೋಗಬಹುದು. ಇದನ್ನು ಅವಳೊಡನೆ ಮಾತಾಡಿದ್ದೇನೆ, ಅವಳಿಗೂ ಗೊತ್ತಿದೆ. ಪಿಂಡ ಹಾಕಲು ಮಗನಿಲ್ಲದೆ ಸದ್ಗತಿಯಿಲ್ಲ ಎಂಬ ವಿಧಿ ಜಿನಾಗಮದಲ್ಲಿಲ್ಲ. ಪ್ರತಿ ಜೀವವೂ ತನ್ನ ಗತಿಗೆ ತಾನೇ ಹೊಣೆ; ಮಗನಿಂದ ತಂದೆಗೆ ಮೋಕ್ಷವಿಲ್ಲ, ಮಗನಿಲ್ಲದ್ದರಿಂದ ನರಕವೂ ಇಲ್ಲ. ಜೈನರಲ್ಲಿ ದತ್ತು ಸ್ವೀಕಾರವು ಧಾರ್ಮಿಕ ಕ್ರಿಯೆಗಿಂತ ಹೆಚ್ಚಾಗಿ ಲೌಕಿಕ ವ್ಯವಹಾರವೆಂದು ಹಿಂದಿನ ನ್ಯಾಯಾಲಯಗಳು ಗುರುತಿಸಿದ್ದಕ್ಕೆ ಇದೇ ಮೂಲ. ಗಂಡನ ಅಪ್ಪಣೆಯಿಲ್ಲದೆಯೂ ಜೈನ ವಿಧವೆ ದತ್ತು ತೆಗೆದುಕೊಳ್ಳಬಹುದೆಂಬ ರೂಢಿಯನ್ನು 1878ರಷ್ಟು ಹಿಂದೆಯೇ ಪ್ರಿವಿ ಕೌನ್ಸಿಲ್ ಎತ್ತಿಹಿಡಿಯಿತು. ಶ್ರವಣಬೆಳಗೊಳದಲ್ಲಿ ಗೊಮ್ಮಟನ ಎದುರಿಗೆ ಗುಳ್ಳಕಾಯಜ್ಜಿ ನಿಂತಿದ್ದಾಳೆ. ಅವಳಿಗೆ ಮಕ್ಕಳೆಷ್ಟು ಎಂದು ಬೆಟ್ಟ ಹತ್ತಿ ಬಂದ ಯಾವ ಭಕ್ತನೂ ಕೇಳಿದ್ದನ್ನು ನಾನು ಕೇಳಿಲ್ಲ.

ಆದರೆ ಇದನ್ನು ಹೇಳಿ ಅವಳ ಆಸೆಯನ್ನು ಒರೆಸಿಹಾಕಲು ನನಗೆ ಮನಸ್ಸಿಲ್ಲ. ಮಗು ಬೇಕೆಂಬ ಬಯಕೆ ಗೃಹಸ್ಥಧರ್ಮಕ್ಕೆ ಕಳಂಕವಲ್ಲ. ನಮ್ಮ ತುಳುನಾಡಿನ ಜೈನ ಮನೆಗಳಲ್ಲಿ ಅಳಿಯಸಂತಾನದ ಕಟ್ಟು ನಡೆಯುತ್ತಿದ್ದಾಗ ಕುಟುಂಬ ಮುಂದುವರಿಯುತ್ತಿದ್ದದ್ದೇ ಹೆಣ್ಣುಮಕ್ಕಳಿಂದ. ಆ ಹಳೆಯ ನಿರೀಕ್ಷೆಯ ನೆರಳು ಸೋದರಮಾವನಾದ ನನ್ನ ಮೇಲೂ ಇದೆ. ನನಗೂ ಆ ಮಗುವನ್ನು ಎತ್ತಿಕೊಳ್ಳುವ ಆಸೆ ಇದೆ ಎಂದು ಒಪ್ಪಿಕೊಳ್ಳದೆ ಇದಿಷ್ಟನ್ನೂ ಬರೆದರೆ ಅದು ಅಸತ್ಯವಾಗುತ್ತದೆ.

ಕಳೆದ ಅಷ್ಟಾಹ್ನಿಕದಲ್ಲಿ ಅವಳು ಬಸದಿಗೆ ಬಂದಿದ್ದಳು. ದಿನಕ್ಕೆ ಐದಾರು ಸಲ, ಕೆಲವೊಮ್ಮೆ ಅವಸರದಲ್ಲಿ, ಶೌಚಕ್ಕೆ ಹೋಗಬೇಕಾದವಳು ಅವಳು. ಜನ ತುಂಬಿದ ಮಂಟಪದ ನಡುವೆ ಕುಳಿತರೆ ಎದ್ದು ಬರುವುದು ಕಷ್ಟ. ಹಾಗಾಗಿ ಕಂಬದ ಮರೆಯಲ್ಲಿ ನಿಂತೇ ಇದ್ದಳು. ಬಾಗಿಲ ಬದಿಯಲ್ಲಿ, ಗಾಳಿ ಬರುವ ಜಾಗದಲ್ಲಿ, ಎಂಬತ್ತು ದಾಟಿದ ಅಜ್ಜಿಯೊಬ್ಬರು ಎಂದಿನಂತೆ ಚಾಪೆ ಹಾಸಿಕೊಂಡು ಕುಳಿತಿದ್ದರು. ಆ ಜಾಗ ಅವರದೆಂದು ಊರಿಗೆಲ್ಲ ಗೊತ್ತು. ಮತ್ತೊಬ್ಬರು ಕುಳಿತರೆ ಬೈಗುಳ ತಪ್ಪದು. ಅಜ್ಜಿ ಅವಳನ್ನು ಒಮ್ಮೆ ನೋಡಿದರು. ಕೋಲೂರಿ ಎದ್ದು, ಚಾಪೆಯನ್ನು ಎಳೆದುಕೊಂಡು ಗೋಡೆಯ ಕಡೆ ಸರಿದರು. “ಬಾ ಮಗಾ, ಇಲ್ಲಿ ಕೂತುಕೋ. ಬಾಗಿಲು ಹತ್ತಿರ” ಎಂದು, ಜಪಸರ ಎಲ್ಲಿಗೆ ಬಂದಿತ್ತೋ ಅಲ್ಲಿಂದ ಮತ್ತೆ ಎಣಿಸತೊಡಗಿದರು.